ಕ್ವಾರಿ ಕೆಲಸದವರ ಬಿಪಿ ಅಪಾಯ ಅಳೆಯುವುದು ಹೇಗೆ? ಮೆಷಿನ್ ಕಟ್ಟುವ ಮೊದಲು ಕೆಲಸ ಕೇಳಿ

"ಬೆವರು ಸುರಿಸಿ ದುಡಿಯೋರಿಗೆ ಬಿಪಿ ಬರಲ್ಲ ಬಿಡಿ ಸಿಸ್ಟರ್." ಕಲ್ಲು ಕ್ವಾರಿಗೆ ಹೋದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಕಾರ್ಮಿಕರು ಹೇಳುತ್ತಾರೆ, ಮೇಸ್ತ್ರಿ ಹೇಳುತ್ತಾರೆ, ಮಾಲೀಕರೂ ಹೇಳುತ್ತಾರೆ. ಬಿಪಿ ಅಂದರೆ ಕೂತು ತಿನ್ನುವವರ ಕಾಯಿಲೆ ಅನ್ನೋ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ಅದು ಸರಿಯಲ್ಲ. ಗಣಿ ಕೆಲಸದಲ್ಲಿ ಮೈ ಸಣ್ಣಗಿರಬಹುದು, ಹೊಟ್ಟೆ ಒಳಗೇ ಇರಬಹುದು, ಆದರೂ ಬಿಪಿ ಏರುವುದಕ್ಕೆ ಬೇಕಾದ ಕಾರಣಗಳೆಲ್ಲ ಆ ಕೆಲಸದ ಒಳಗೇ ಇರುತ್ತವೆ.

ನಾನು ಹಾಸನ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ವ್ಯಾಪ್ತಿಯಲ್ಲಿ ಕಲ್ಲು ಕ್ವಾರಿ ಇದೆ, ಜಲ್ಲಿ ಕ್ರಷರ್ ಇದೆ. ನನ್ನ ಹಾಗೇ ಕೆಲಸ ಮಾಡುವ ಸಿಸ್ಟರ್‌ಗಳು, ಆಶಾ ಅಕ್ಕಂದಿರು, ಕ್ವಾರಿಯಲ್ಲಿ ಫಸ್ಟ್ ಏಡ್ ನೋಡಿಕೊಳ್ಳುವವರು, ತಮ್ಮ ಜನರ ಬಗ್ಗೆ ಕಾಳಜಿ ಇರುವ ಮೇಸ್ತ್ರಿಗಳು, ಇವರೆಲ್ಲರಿಗೂ ಬಳಕೆಗೆ ಬರಲಿ ಅಂತ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಯಾರಿಗೆ ಅಪಾಯ ಜಾಸ್ತಿ ಅಂತ ಗುರುತಿಸುವ ಕೆಲಸ. ಬಿಪಿ ಕಾಯಿಲೆ ಹೌದೋ ಅಲ್ಲವೋ ಅಂತ ತೀರ್ಮಾನಿಸಿ ಮಾತ್ರೆ ಶುರು ಮಾಡುವುದು ಡಾಕ್ಟರ ಕೆಲಸ.

ಕೆಲಸದ ಕಥೆ ಕೇಳಿ

ಒಬ್ಬರಿಗೆ ಒಂದು ಪುಟ ಇಡಿ. ಹೆಸರು, ವಯಸ್ಸು ಬರೆದ ಮೇಲೆ "ಕೂಲಿ" ಅಂತ ಬರೆದು ಮುಗಿಸಬೇಡಿ. ಒಂದೇ ಕ್ವಾರಿಯಲ್ಲಿ ಜಾಕ್ ಹ್ಯಾಮರ್ ಹಿಡಿಯುವವರು, ಹಿಟಾಚಿ ಓಡಿಸುವವರು, ಟಿಪ್ಪರ್ ಡ್ರೈವರ್, ಕ್ರಷರ್ ಬಾಯಿಗೆ ಕಲ್ಲು ಬಿಡುವವರು, ಸುತ್ತಿಗೆಯಲ್ಲಿ ಕಲ್ಲು ಒಡೆಯುವವರು, ಜಲ್ಲಿ ಹೊರುವ ಹೆಂಗಸರು ಎಲ್ಲರೂ ಇರುತ್ತಾರೆ. ಇವರ ಅಪಾಯ ಒಂದೇ ಅಲ್ಲ. ಯಾವ ಕೆಲಸ, ಎಷ್ಟು ವರ್ಷದಿಂದ, ಅದಕ್ಕೂ ಮೊದಲು ಎಲ್ಲಿದ್ದರು, ಮೂರನ್ನೂ ಕೇಳಿ.

ಹಿಂದಿನ ಕೆಲಸ ಕೇಳುವುದು ನಮ್ಮ ಕಡೆ ತುಂಬಾ ಮುಖ್ಯ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇತ್ತು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅಂಥ ಕಡೆ ದುಡಿದವರು ಈಗ ತೋಟ ನೋಡಿಕೊಂಡೋ ಅಂಗಡಿ ಇಟ್ಟುಕೊಂಡೋ ಇರುತ್ತಾರೆ. ಪುಟದಲ್ಲಿ "ವ್ಯಾಪಾರ" ಅಂತ ಬರೆದರೆ ಗಣಿಯ ವರ್ಷಗಳು ಮುಚ್ಚಿಹೋಗುತ್ತವೆ.

ಆಮೇಲೆ ಕೆಲಸದೊಳಗಿನ ಅಪಾಯಗಳನ್ನು ಒಂದೊಂದಾಗಿ ಕೇಳಿ ಟಿಕ್ ಹಾಕುತ್ತಾ ಬನ್ನಿ. ಮೊದಲನೆಯದು ಶಬ್ದ. ಡ್ರಿಲ್ಲಿಂಗ್, ಕಂಪ್ರೆಸರ್, ಕ್ರಷರ್ ಶಬ್ದ ಕಿವಿಯನ್ನಷ್ಟೇ ಕೆಡಿಸುವುದಿಲ್ಲ. ಜೋರು ಶಬ್ದಕ್ಕೆ ದೇಹ ಹೆದರಿದಾಗ ಹೇಗಿರುತ್ತದೋ ಹಾಗೆ ಸಜ್ಜಾಗುತ್ತದೆ. ಅಡ್ರಿನಲಿನ್ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಎದೆಬಡಿತ ಹೆಚ್ಚುತ್ತದೆ. ದಿನಾ ಎಂಟು ಹತ್ತು ಗಂಟೆ ಹೀಗೇ ನಡೆದರೆ ನಾಳಗಳ ಮೇಲೆ ಭಾರ ಬೀಳುತ್ತಲೇ ಇರುತ್ತದೆ. ಶಬ್ದ ಅಳೆಯುವ ಮೀಟರ್ ನಮ್ಮ ಹತ್ತಿರ ಇಲ್ಲ. ಅದಕ್ಕೆ ಸುಲಭದ ದಾರಿ ಇದು: ಒಂದು ತೋಳಿನಷ್ಟು ದೂರದಲ್ಲಿ ನಿಂತವರ ಜೊತೆ ಮಾತಾಡಲು ದನಿ ಏರಿಸಬೇಕಾದರೆ ಅಲ್ಲಿ ಶಬ್ದ 85 ಡೆಸಿಬೆಲ್ ಹತ್ತಿರ ಅಥವಾ ಅದಕ್ಕಿಂತ ಜಾಸ್ತಿ ಇದೆ ಅಂತ ತಿಳಿಯಿರಿ. ಟಿಕ್ ಹಾಕಿ. ಕಿವಿಗೆ ಏನು ಹಾಕಿಕೊಳ್ಳುತ್ತಾರೆ ಅನ್ನೋದನ್ನೂ ಬರೆಯಿರಿ. ತಲೆಗೆ ಟವೆಲ್ ಸುತ್ತಿಕೊಂಡರೆ ಬಿಸಿಲು ತಡೆಯುತ್ತದೆ, ಶಬ್ದ ತಡೆಯುವುದಿಲ್ಲ.

ಎರಡನೆಯದು ಗಂಟೆಗಳು. ಬೆಳಗ್ಗೆ 7ಕ್ಕೆ ಶುರುವಾಗಿ ಸಂಜೆ 6ಕ್ಕೆ ಮುಗಿದರೆ, ಊಟದ ಒಂದು ಗಂಟೆ ಕಳೆದು ದಿನಕ್ಕೆ 10 ಗಂಟೆ. ಆರು ದಿನಕ್ಕೆ 60. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಕೊಟ್ಟ ವರದಿ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಲಕ್ವ ಹೊಡೆಯುವ ಅಪಾಯ 35ರಿಂದ 40 ಗಂಟೆ ದುಡಿಯುವವರಿಗಿಂತ ಶೇ. 35ರಷ್ಟು ಜಾಸ್ತಿ. ನಮ್ಮ ಕ್ವಾರಿಯವರು ಮಾಮೂಲಿ ದಿನದಲ್ಲೇ ಆ ಗೆರೆ ದಾಟಿರುತ್ತಾರೆ. ರಾತ್ರಿ ಪಾಳಿ ಇದ್ದರೆ ಇನ್ನೊಂದು ಟಿಕ್. ರಾತ್ರಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿದು ನಾಳಗಳಿಗೆ ವಿಶ್ರಾಂತಿ ಸಿಗಬೇಕು. ರಾತ್ರಿಯೆಲ್ಲ ಲೋಡ್ ಹೊಡೆಯುವ ಟಿಪ್ಪರ್ ಡ್ರೈವರ್‌ಗೆ ಅದು ಸಿಗುವುದೇ ಇಲ್ಲ. ಡ್ರೈವರ್‌ಗಳನ್ನು ಗೊರಕೆ ಬಗ್ಗೆ ಕೇಳಿ. ಜೋರಾಗಿ ಗೊರಕೆ, ಮಧ್ಯೆ ಉಸಿರು ಕಟ್ಟಿದಂತಾಗುವುದು, ಹಗಲು ಸ್ಟೀರಿಂಗ್ ಹಿಡಿದಲ್ಲೇ ತೂಕಡಿಕೆ ಇದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಭಾರ ಎತ್ತುವುದು ಮೂರನೆಯದು. ಉಸಿರು ಬಿಗಿಹಿಡಿದು ದಿಂಡುಗಲ್ಲು ಎತ್ತಿದ ಕ್ಷಣ ಬಿಪಿ ಜಿಗಿಯುತ್ತದೆ. ಈಗಾಗಲೇ ಬಿಪಿ ಜಾಸ್ತಿ ಇರುವವರಿಗೆ ಇದು ಅಪಾಯ.

ಈಗ ಯಾರೂ ಕೇಳದ ಒಂದು ವಿಷಯಕ್ಕೆ ಬರುತ್ತೇನೆ. ನೋವಿನ ಮಾತ್ರೆ. ದಯವಿಟ್ಟು ಇದನ್ನು ಬಿಡಬೇಡಿ. ಕಲ್ಲಿನ ಕೆಲಸದವರಿಗೆ ಸೊಂಟ, ಭುಜ, ಮಂಡಿ ನೋಯದ ದಿನ ಇಲ್ಲ. ಸಂಜೆ ಅಂಗಡಿಯಲ್ಲಿ "ಮೈಕೈ ನೋವಿಗೆ ಒಂದು ಕೊಡಿ" ಅಂದರೆ ಸಿಗುವ ಮಾತ್ರೆಯಲ್ಲಿ ಹೆಚ್ಚಾಗಿ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಇರುತ್ತದೆ. ದಿನಾ ತೆಗೆದುಕೊಂಡರೆ ಇವು ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸವನ್ನೂ ಕುಗ್ಗಿಸುತ್ತವೆ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ಇವನ್ನು ನುಂಗಿದರೆ ಕಿಡ್ನಿಗೆ ಪೆಟ್ಟು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕೂಡ ಶ್ವಾಸಕೋಶದ ಜೊತೆಗೆ ಕಿಡ್ನಿಯನ್ನೂ ಕಾಡಬಹುದು. ಕಿಡ್ನಿ ಕೆಟ್ಟರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಕಿಡ್ನಿ ಇನ್ನಷ್ಟು ಕೆಡುತ್ತದೆ. "ಮಾತ್ರೆ ತಗೋತೀರಾ?" ಅಂತ ಕೇಳಿದರೆ "ಇಲ್ಲ" ಅಂತಾರೆ. ನೋವಿನ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. "ನೋವಾದಾಗ ಏನು ತಗೋತೀರಣ್ಣ, ಜೇಬಲ್ಲಿ ಇದೆಯಾ ನೋಡಿ" ಅನ್ನಿ. ಅಂಗಿ ಜೇಬಿನಿಂದ ಬೀಡಿ ಕಟ್ಟಿನ ಜೊತೆ ಅರ್ಧ ಖಾಲಿಯಾದ ಮಾತ್ರೆ ಹಾಳೆಯೂ ಹೊರಗೆ ಬರುತ್ತದೆ.

ಸರ್ಕಾರದ ಫಾರಂ ಎಲ್ಲಿ ಸಾಲುವುದಿಲ್ಲ

30 ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ಫಾರಂ (ಬಿಪಿ, ಶುಗರ್‌ನಂಥ ಕಾಯಿಲೆಗಳ ಅಪಾಯಕ್ಕೆ ಅಂಕ ಹಾಕುವ ಪಟ್ಟಿ) ಇದೆಯಲ್ಲ, ಅದು ಒಳ್ಳೆಯ ಫಾರಂ. ವಯಸ್ಸಿಗೆ 30ರಿಂದ 39ಕ್ಕೆ 1, 40ರಿಂದ 49ಕ್ಕೆ 2, 50ರಿಂದ 59ಕ್ಕೆ 3, 60 ದಾಟಿದರೆ 4 ಅಂಕ. ದಿನಾ ತಂಬಾಕಿಗೆ 2, ದಿನಾ ಕುಡಿತಕ್ಕೆ 1. ಗಂಡಸರ ಸೊಂಟದ ಸುತ್ತಳತೆ 91ರಿಂದ 100 ಸೆಂ.ಮೀ. ಇದ್ದರೆ 1, 100 ದಾಟಿದರೆ 2. ಹೆಂಗಸರಿಗೆ 81ರಿಂದ 90ಕ್ಕೆ 1, 90 ದಾಟಿದರೆ 2. ವಾರಕ್ಕೆ 150 ನಿಮಿಷದ ಚಟುವಟಿಕೆ ಇಲ್ಲದಿದ್ದರೆ 1. ಅಪ್ಪ ಅಮ್ಮ ಒಡಹುಟ್ಟಿದವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇದ್ದರೆ 2. ಒಟ್ಟು 4 ದಾಟಿದವರನ್ನು ಮೊದಲು ತಪಾಸಣೆಗೆ ಕರೆಯಬೇಕು.

ಈಗ ನಮ್ಮ ಡ್ರಿಲ್ಲರ್ ಒಬ್ಬರನ್ನು ಈ ಫಾರಂನಲ್ಲಿ ಕೂರಿಸಿ ನೋಡೋಣ. ವಯಸ್ಸು 44, ಅಂಕ 2. ದಿನಾ ಬೀಡಿ, ಅಂಕ 2. ಕುಡಿಯುವುದು ಬಟವಾಡೆ ದಿನ ಮಾತ್ರ, ಸೊನ್ನೆ. ಸೊಂಟ 86, ಸೊನ್ನೆ. ಮೈ ಮುರಿಯುವ ಕೆಲಸ, ಅಲ್ಲೂ ಸೊನ್ನೆ. ಮನೆಯಲ್ಲಿ ಬಿಪಿ ಶುಗರ್ ಯಾರಿಗೂ ಇಲ್ಲ ಅಂದರು, ಸೊನ್ನೆ. ಒಟ್ಟು 4. ದಾಟಲಿಲ್ಲ! ಸಾಲಿನಲ್ಲಿ ಹಿಂದೆ ಸರಿದರು. ಇವರ ಕೆಲಸದ ಪುಟದಲ್ಲಿ ಶಬ್ದ, ಗಂಟೆ, ಭಾರ, ನೋವಿನ ಮಾತ್ರೆ ನಾಲ್ಕಕ್ಕೂ ಟಿಕ್ ಬಿದ್ದಿರುತ್ತದೆ. ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ.

ಹಾಗಂತ ಅಂಕವನ್ನು ನೀವೇ ತಿದ್ದಬೇಡಿ. ಫಾರಂ ಹೇಗಿದೆಯೋ ಹಾಗೇ ತುಂಬಿ, ಕೆಲಸದ ಟಿಕ್‌ಗಳನ್ನು ಬೇರೆ ಇಡಿ. ನನ್ನ ಪದ್ಧತಿ ಇಷ್ಟೇ: ಅಂಕ 4ರೊಳಗೇ ಇದ್ದರೂ ಎರಡು ಟಿಕ್ ಇದ್ದವರನ್ನು ಮೊದಲ ಸಾಲಿಗೇ ತರುತ್ತೇನೆ. 30 ತುಂಬದ ಹುಡುಗರಿಗೂ ಕ್ವಾರಿಯಲ್ಲಿ ಬಿಪಿ ನೋಡುತ್ತೇನೆ. ಇದು ಸರ್ಕಾರ ಹಾಕಿದ ಅಳತೆ ಅಲ್ಲ, ನನ್ನ ತೀರ್ಮಾನ.

ಮನೆಯವರ ಕಾಯಿಲೆ ಕೇಳುವಾಗಲೂ ಜನರ ಮಾತಲ್ಲೇ ಕೇಳಿ. "ನಿಮ್ಮ ತಂದೆಗೆ ಬಿಪಿ ಇತ್ತಾ?" ಅಂದರೆ ಇಲ್ಲ ಅಂತಲೇ ಉತ್ತರ. ಅವರ ಬಿಪಿಯನ್ನು ಯಾರೂ ನೋಡಿರಲೇ ಇಲ್ಲ. "ಮನೇಲಿ ಯಾರಿಗಾದ್ರೂ ಲಕ್ವ ಹೊಡೆದಿತ್ತಾ? ಇದ್ದಕ್ಕಿದ್ದ ಹಾಗೆ ಬಿದ್ದು ಹೋದವರು ಇದಾರಾ?" ಅಂತ ಕೇಳಿದರೆ ಆಗ ಬಾಯಿ ಬಿಡುತ್ತಾರೆ. ಹೆಂಗಸರಿಗೆ ಇನ್ನೊಂದು ಪ್ರಶ್ನೆ ಇದೆ: ಬಸುರಿಯಲ್ಲಿ ಬಿಪಿ ಜಾಸ್ತಿಯಾಗಿತ್ತಾ? ಆಗ ಏರಿದ್ದವರಿಗೆ ಮುಂದೆ ಬಿಪಿ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ತಂಬಾಕು ಅಂದರೆ ಬೀಡಿ ಒಂದೇ ಅಲ್ಲ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಎಲ್ಲ ಹೆಸರು ಹಿಡಿದು ಕೇಳಿ. ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪನ್ನು ಯಾರೂ ತಂಬಾಕು ಅಂತ ಎಣಿಸುವುದೇ ಇಲ್ಲ.

ಉಪ್ಪಿನ ಲೆಕ್ಕ ಸುಲಭ. ತಿಂಗಳಿಗೆ ಮನೆಗೆ ಎಷ್ಟು ಉಪ್ಪು ತರುತ್ತೀರಿ, ಎಷ್ಟು ಜನ ಉಣ್ಣುತ್ತೀರಿ ಅಂತ ಕೇಳಿ. ನಾಲ್ಕು ಜನಕ್ಕೆ ಒಂದು ಕೆ.ಜಿ. ಅಂದರೆ ಒಬ್ಬರಿಗೆ ದಿನಕ್ಕೆ 8 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಆ ಮನೆಗೆ ತಿಂಗಳಿಗೆ 600 ಗ್ರಾಂ ಸಾಕು. ನಮ್ಮ ಕಡೆ ಮುದ್ದೆ ಉಪ್ಸಾರು ಇದ್ದರೆ ಉಪ್ಪು ಎರಡು ದಾರಿಯಲ್ಲಿ ಬರುತ್ತದೆ, ಸಾರಿನಲ್ಲೂ ಅದರ ಜೊತೆ ಕಲಸುವ ಖಾರದಲ್ಲೂ. ಮೇಲೆ ಉಪ್ಪಿನಕಾಯಿ, ಹಪ್ಪಳ, ಕುಡಿಯುವಾಗ ಮಿಕ್ಸ್ಚರ್. "ಬೆವರಲ್ಲಿ ಉಪ್ಪು ಹೋಗುತ್ತಲ್ಲ, ತಿನ್ನಬೇಕು ತಾನೇ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆವರಲ್ಲಿ ಉಪ್ಪು ಹೋಗುವುದು ನಿಜ. ಆದರೆ ಇಷ್ಟು ತಿನ್ನುವವರಿಗೆ ಮಾಮೂಲಿ ದಿನಗಳಲ್ಲಿ ಮೇಲೆ ಉಪ್ಪು ಬೇಕಾಗುವುದಿಲ್ಲ, ಬೇಕಾಗಿರುವುದು ನೀರು. ಕಡುಬೇಸಿಗೆಯಲ್ಲಿ ಸ್ನಾಯು ಸೆಳೆತ, ತಲೆಸುತ್ತು ಬಂದರೆ ಅದು ಬೇರೆ ವಿಷಯ. ಆಗ ಓಆರ್‌ಎಸ್ ಕೊಟ್ಟು ನೆರಳಿಗೆ ಕರೆತನ್ನಿ.

ಬಿಪಿ ನೋಡುವ ರೀತಿ

ನಾನು ಬೆಳಗ್ಗೆ ಕೆಲಸ ಶುರುವಾಗುವ ಮೊದಲೇ ಹೋಗುತ್ತೇನೆ. ಡ್ರಿಲ್ ಹಿಡಿದು ಬಂದವರಿಗೆ ಹಾಗೇ ನಿಲ್ಲಿಸಿ ಮೆಷಿನ್ ಕಟ್ಟಿದರೆ ಏರಿದ ಅಂಕಿ ಬರುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಬೆವರಿ ಬಸವಳಿದವರಿಗೆ ನೋಡಿದರೆ ಇಳಿದ ಅಂಕಿ ಬಂದು, ನಿಜವಾದ ಬಿಪಿ ಮರೆಯಾಗಬಹುದು. ಎರಡನ್ನೂ ನಂಬುವಂತಿಲ್ಲ. ಬೆಳಗ್ಗೆ ಆಗಲೇ ಇಲ್ಲ ಅಂದರೆ ಕೆಲಸ ಬಿಟ್ಟು ಕನಿಷ್ಠ ಅರ್ಧ ಗಂಟೆ ಆಗಿರಲಿ. ಆ ಅರ್ಧ ಗಂಟೆಯಲ್ಲಿ ಟೀ, ಬೀಡಿ, ಎಲೆ ಅಡಿಕೆ ಬೇಡ. ಮೂತ್ರಕ್ಕೆ ಹೋಗಿ ಬರಲಿ. ಕಟ್ಟಿಕೊಂಡು ಕೂತರೂ ಬಿಪಿ ಏರುತ್ತದೆ.

ಕೂರಿಸುವ ಜಾಗ ಕಂಪ್ರೆಸರ್‌ನಿಂದ ದೂರ ಇರಲಿ. ಶೆಡ್ ಒಳಗೆ ಬೆನ್ನಿಗೆ ಆಸರೆ ಇರುವ ಪ್ಲಾಸ್ಟಿಕ್ ಕುರ್ಚಿ ಹಾಕಿ. ಕಲ್ಲು ದಿಂಡಿನ ಮೇಲೆ ಕೂತರೆ ಆಗುವುದಿಲ್ಲ. ಪಾದ ನೆಲದ ಮೇಲೆ, ಕಾಲು ಮೇಲೆ ಕಾಲು ಬೇಡ. ತೋಳು ಟೇಬಲ್ ಮೇಲೆ, ಎದೆ ಮಟ್ಟಕ್ಕೆ. ಐದು ನಿಮಿಷ ಸುಮ್ನೆ ಕೂರಲಿ. ನೋಡುವಾಗ ಅವರೂ ಮಾತಾಡಬಾರದು, ನೀವೂ ಮಾತಾಡಿಸಬಾರದು. ಮಾತಿಗೇ ಅಂಕಿ ಹತ್ತರವರೆಗೂ ಏರಬಹುದು. ಸಂಬಳದ ಚರ್ಚೆ ಪಕ್ಕದಲ್ಲಿ ನಡೆಯುತ್ತಿದ್ದರೆ ಚರ್ಚೆ ಮಾಡುವವರನ್ನು ಹೊರಗೆ ಕಳಿಸಿ.

ತೋಳಿಗೆ ಸುತ್ತುವ ಪಟ್ಟಿಯ ಅಳತೆ ನಮ್ಮ ಜನಕ್ಕೆ ತುಂಬಾ ಮುಖ್ಯ. ಸುತ್ತಿಗೆ ಬೀಸುವವರ ರಟ್ಟೆ ದಪ್ಪ ಇರುತ್ತದೆ, ಕೊಬ್ಬಿನಿಂದಲ್ಲ, ಕಸುವಿನಿಂದ. ಭುಜದ ಮೂಳೆಯಿಂದ ಮೊಣಕೈವರೆಗಿನ ಮಧ್ಯ ಹುಡುಕಿ ಅಲ್ಲಿ ಟೇಪ್ ಸುತ್ತಿ ಅಳೆಯಿರಿ. ಡಿಜಿಟಲ್ ಮೆಷಿನ್ ಜೊತೆ ಬರುವ ಮಾಮೂಲಿ ಪಟ್ಟಿ ಹೆಚ್ಚಾಗಿ 22ರಿಂದ 32 ಸೆಂ.ಮೀ.ಗೆ. ನಿಮ್ಮದು ಎಷ್ಟು ಅಂತ ಪಟ್ಟಿ ಮೇಲೇ ಬರೆದಿರುತ್ತದೆ, ಓದಿಕೊಳ್ಳಿ. ರಟ್ಟೆ 34 ಇದ್ದವರಿಗೆ ಅದೇ ಸಣ್ಣ ಪಟ್ಟಿಯನ್ನು ಎಳೆದು ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ. ದೊಡ್ಡ ಪಟ್ಟಿ ಒಂದು ಚೀಲದಲ್ಲಿ ಇಟ್ಟುಕೊಳ್ಳಲೇಬೇಕು. ಅಂಗಿ ತೋಳನ್ನು ಮೇಲಕ್ಕೆ ಮಡಚಿ ಬಿಗಿ ಮಾಡಬೇಡಿ, ಒಂದು ತೋಳು ಪೂರ್ತಿ ತೆಗೆಸಿ. ಚಳಿಗಾಲದ ಬೆಳಗ್ಗೆ ಜರ್ಕಿನ್ ಬಿಚ್ಚಲು ಒಪ್ಪುವುದಿಲ್ಲ. ಬಿಚ್ಚಿಸಿ, ಮೇಲೆ ಟವೆಲ್ ಹೊದಿಸಿ. ಚಳಿಗೇ ಬಿಪಿ ಸ್ವಲ್ಪ ಏರುತ್ತದೆ ಅನ್ನೋದೂ ನೆನಪಿರಲಿ.

ಮೊದಲ ಸಲ ಎರಡೂ ತೋಳಿಗೆ ನೋಡಿ, ಜಾಸ್ತಿ ಬಂದ ತೋಳಿಗೇ ಮುಂದೆ ನೋಡುತ್ತಾ ಹೋಗಿ. ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ. ಮೊದಲನೆಯದನ್ನು ಬಿಟ್ಟು ಉಳಿದ ಎರಡರ ಸರಾಸರಿ ಬರೆಯಿರಿ.

ಬಂದ ಅಂಕಿಯನ್ನು ಏನು ಮಾಡಬೇಕು? 140/90ರ ಒಳಗಿದ್ದರೆ ಬಿಪಿ ಕಾಯಿಲೆ ಅನ್ನುವುದಿಲ್ಲ. ಆದರೆ ಮೇಲಿನದು 130 ದಾಟಿ ಕೆಲಸದ ಟಿಕ್‌ಗಳೂ ಇದ್ದರೆ ನಾನು ವರ್ಷ ಕಾಯುವುದಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡುತ್ತೇನೆ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಬೇರೆ ದಿನ ಮತ್ತೆ ನೋಡಬೇಕು. ಆಗಲೂ ಅಷ್ಟೇ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. 160/100 ದಾಟಿದರೆ ವಾರದೊಳಗೆ ಡಾಕ್ಟರ್ ನೋಡಲಿ. 180/110 ಮುಟ್ಟಿದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಅಷ್ಟೇ ಇದ್ದರೆ ಅವತ್ತು ಕೆಲಸಕ್ಕೆ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಲಿ. ಅದರ ಜೊತೆ ಎದೆನೋವು, ಏದುಸಿರು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಪಕ್ಕದವರ ಬಿಪಿ ಮಾತ್ರೆ ಇಸಿದುಕೊಂಡು ಕೊಡಬೇಡಿ. ಬಿಪಿ ದಿಢೀರಂತ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಹೋಗಬಹುದು.

ಕಳಿಸುವಾಗ ಚೀಟಿಯಲ್ಲಿ ಅಂಕಿ ಮಾತ್ರ ಬರೆಯಬೇಡಿ. "ಡ್ರಿಲ್ಲರ್, 18 ವರ್ಷ, ದಿನಾ ನೋವಿನ ಮಾತ್ರೆ, ಬಿಸಿಲಲ್ಲಿ ಕೆಲಸ" ಅಂತ ಒಂದು ಸಾಲು ಸೇರಿಸಿ. ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು) ಮತ್ತು ಶುಗರ್, ಜೊತೆಗೆ ಇಸಿಜಿ ನೋಡಲು ಡಾಕ್ಟರಿಗೆ ಅದು ದಾರಿ. ಮಾತ್ರೆ ಆರಿಸುವುದಕ್ಕೂ ಅದು ಬೇಕು. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಕೊಟ್ಟರೆ ಏಪ್ರಿಲ್ ಬಿಸಿಲಲ್ಲಿ ಬಂಡೆ ಅಂಚಿನಲ್ಲಿ ನಿಂತವರಿಗೆ ತಲೆಸುತ್ತು ಬರಬಹುದು. ಡಾಕ್ಟರ್ ಕೋಣೆಯಿಂದ ಬಂಡೆ ಕಾಣುವುದಿಲ್ಲವಲ್ಲ, ನಾವೇ ಹೇಳಬೇಕು. 40 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಬಣ್ಣದ ಚಾರ್ಟ್ ಕೂಡ ಬಳಸಬಹುದು. ವಯಸ್ಸು, ಗಂಡೋ ಹೆಣ್ಣೋ, ಬೀಡಿ ಸಿಗರೇಟು, ಮೇಲಿನ ಬಿಪಿ, ಎತ್ತರಕ್ಕೆ ತಕ್ಕ ತೂಕ ಇಷ್ಟು ಗೊತ್ತಿದ್ದರೆ ರಕ್ತ ಪರೀಕ್ಷೆ ಇಲ್ಲದೇ ಮುಂದಿನ ಹತ್ತು ವರ್ಷದ ಹೃದಯಾಘಾತ, ಲಕ್ವದ ಅಪಾಯ ಹಸಿರೋ ಕೆಂಪೋ ಅಂತ ತೋರಿಸುತ್ತದೆ. ದಕ್ಷಿಣ ಏಷ್ಯಾದ್ದೇ ಪುಟ ನೋಡಿ. ಬಣ್ಣ ತೋರಿಸಿದರೆ ಕಾರ್ಮಿಕರಿಗೆ ಬೇಗ ಅರ್ಥವಾಗುತ್ತದೆ.

ಕೆಲಸ ಹೋಗುವ ಭಯ

ಅನೇಕರು ತೋಳು ಚಾಚದೇ ಇರಲು ನಿಜವಾದ ಕಾರಣ ಇದು. ಬಿಪಿ ಇದೆ ಅಂತ ಗೊತ್ತಾದರೆ ನಾಳೆಯಿಂದ ಬರಬೇಡ ಅಂತಾರೆ ಅನ್ನೋ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ, ಹಾಗೆ ಕೆಲಸ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೇ ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ. ಅಂಕಿಯನ್ನು ಜೋರಾಗಿ ಕೂಗಬೇಡಿ. ಪುಟ ನಿಮ್ಮ ಬಳಿಯೇ ಇರಲಿ, ಆಫೀಸಿನ ಟೇಬಲ್ ಮೇಲೆ ಬೇಡ. ಮಾಲೀಕರಿಗೆ ಹೆಸರಿಲ್ಲದ ಲೆಕ್ಕ ಕೊಡಿ: ಡ್ರಿಲ್ಲಿಂಗ್‌ನಲ್ಲಿ ಇಷ್ಟು ಜನಕ್ಕೆ ಜಾಸ್ತಿ ಇದೆ, ಕಿವಿಗೆ ಇಯರ್ ಮಫ್ ಬೇಕು, ಪಾಳಿ ಬದಲಿಸಬೇಕು, ನೆರಳಲ್ಲಿ ಕುಡಿಯುವ ನೀರು ಬೇಕು. ಟಿಪ್ಪರ್, ಹಿಟಾಚಿ, ಸಿಡಿಮದ್ದಿನ ಕೆಲಸದವರಿಗೆ ಬಿಪಿ ತುಂಬಾ ಏರಿದ್ದರೆ ಮಾತ್ರ ಮಾತು ಬೇರೆ. ಅಲ್ಲಿ ಬೇರೆಯವರ ಜೀವವೂ ಇದೆ. ಆಗಲೂ ಮೊದಲು ಅವರಿಗೇ ಹೇಳಿ, ಒಪ್ಪಿಸಿ, ಬಿಪಿ ಹತೋಟಿಗೆ ಬರುವವರೆಗೆ ಬೇರೆ ಕೆಲಸ ಕೊಡಿ ಅಂತ ಜೊತೆಗೆ ಹೋಗಿ ಕೇಳಿ. ಬಿಪಿ ಹತೋಟಿಗೆ ಬಂದ ಮೇಲೆ ಬಹಳಷ್ಟು ಜನ ಅದೇ ಕೆಲಸಕ್ಕೆ ಮರಳುತ್ತಾರೆ.

1955ರ ಗಣಿ ನಿಯಮಗಳಲ್ಲಿ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಬೇಕು ಅಂತ ಬರೆದಿದೆ. ತಪಾಸಣೆ ಮಾಲೀಕರ ಹೊಣೆ. ಕಂಟ್ರಾಕ್ಟ್ ಕಾರ್ಮಿಕರನ್ನು ಹೊರಗಿಡುವಂತಿಲ್ಲ. ಆದರೆ ಬಿಪಿ ವಿಷಯದಲ್ಲಿ ಐದು ವರ್ಷ ಅಂದರೆ ತುಂಬಾ ದೂರ. ಅಷ್ಟರಲ್ಲಿ ಲಕ್ವ ಹೊಡೆದು ಮನೆ ಹಿಡಿದವರು ನಮ್ಮೂರಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ ಎಲ್ಲರಿಗೂ, ಟಿಕ್ ಜಾಸ್ತಿ ಇದ್ದವರಿಗೆ ಆರು ತಿಂಗಳಿಗೊಮ್ಮೆ ನೋಡಿ.

ಕೊನೆಗೆ ವಲಸೆ ಬಂದವರ ವಿಷಯ. ಕ್ವಾರಿಯಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯದವರೂ ಇರುತ್ತಾರೆ. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರೆ ನಿಂತುಹೋಗುತ್ತದೆ, ತಿರುಗಿ ಬರುವಾಗ ಬಿಪಿ ಮೊದಲಿಗಿಂತ ಜಾಸ್ತಿ. ಹಬ್ಬಕ್ಕೆ ಎರಡು ವಾರ ಮುಂಚೆಯೇ ಮೇಸ್ತ್ರಿಯಿಂದ ಯಾರು ಹೊರಟಿದ್ದಾರೆ ಅಂತ ಪಟ್ಟಿ ಇಸಿದುಕೊಳ್ಳಿ. ಡಾಕ್ಟರಿಗೆ ಹೇಳಿ ಅವರಿಗೆ ವಾಪಸ್ ಬರುವವರೆಗಿನ ಮಾತ್ರೆ ಒಟ್ಟಿಗೇ ಕೊಡಿಸಿ. ಮಾತ್ರೆ ಹೆಸರು, ಕೊನೆಯ ಬಿಪಿ, ತಾರೀಕು ಬರೆದ ಚೀಟಿಯನ್ನು ಅವರ ಫೋನಿನಲ್ಲೇ ಫೋಟೋ ತೆಗೆಸಿ. ಕಾಗದ ಬೆವರಲ್ಲಿ ನೆನೆದು ಹರಿದುಹೋಗುತ್ತದೆ. ಮನೆಯವರ ನಂಬರ್ ಬರೆದಿಟ್ಟುಕೊಳ್ಳಿ, ವಾಪಸ್ ಬಂದ ವಾರದಲ್ಲೇ ಮತ್ತೆ ಬಿಪಿ ನೋಡಿ.